ಮುಂದಿನ ಹೆಜ್ಜೆ ಮೊದಲೇ ತಿಳಿಯದ ಕೆಲಸಕ್ಕೆ ಯಾವ ತಂತ್ರಾಂಶ?

ಮಕ್ಕಳು ದುಬೈಯಲ್ಲೋ ಕುವೈತಿನಲ್ಲೋ ಇದ್ದಾರೆ. ಹೆತ್ತವರು ಉಡುಪಿ ಜಿಲ್ಲೆಯ ಬ್ರಹ್ಮಾವರದ ಕಡೆಯ ತೋಟದ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾರೆ. ಇಂಥ ಮನೆಗಳಿಗೆ ಹೋಗಿ ಗಾಯ ತೊಳೆದು, ಮೂತ್ರ ಹೋಗಲು ಹಾಕಿದ ನಳಿಕೆ (ಕ್ಯಾಥೆಟರ್) ಬದಲಿಸಿ, ನೋವಿಗೆ ಔಷಧ ಕೊಟ್ಟು ಬರುವ ಮೂರು ಸಣ್ಣ ತಂಡಗಳಿಗೆ ತಂತ್ರಾಂಶ ಆರಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಎರಡು ತಂಡಗಳಲ್ಲಿ ನನ್ನ ಆಯ್ಕೆ ಉಳಿದುಕೊಂಡಿತು. ಒಂದು ಕಡೆ ಎಂಟು ತಿಂಗಳ ಬಳಿಕ ಎಲ್ಲವನ್ನೂ ಕಿತ್ತು ಮತ್ತೆ ಮೊದಲಿನಿಂದ ಕಟ್ಟಬೇಕಾಯಿತು. ಆ ಅನುಭವದಿಂದ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ. ದೋಣಿಯ ಎಂಜಿನ್ ದುರಸ್ತಿ ಮಾಡುವವರಿಗೆ, ನೆರೆ ಪರಿಹಾರಕ್ಕೆ ಓಡುವ ಯುವಕ ಮಂಡಲಗಳಿಗೆ, ವಕೀಲರ ಕಚೇರಿಗಳಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ. ಅವರೆಲ್ಲರ ಕೆಲಸದ ಸ್ವಭಾವ ಒಂದೇ: ಸ್ಥಳಕ್ಕೆ ಹೋಗಿ ನೋಡುವವರೆಗೆ ಮುಂದೇನು ಮಾಡಬೇಕೆಂದು ಯಾರಿಗೂ ಗೊತ್ತಿರುವುದಿಲ್ಲ.

ಮನೆಭೇಟಿಯ ಒಂದು ದಿನವನ್ನೇ ನೋಡಿ. ಬೆಳಿಗ್ಗೆ ಎಂಟಕ್ಕೆ ನರ್ಸ್ ಕೈಯಲ್ಲಿ ಆರು ಮನೆಗಳ ಪಟ್ಟಿ ಇರುತ್ತದೆ. ಎರಡನೆಯ ಮನೆಯಲ್ಲಿ ಹಾಸಿಗೆ ಹುಣ್ಣು ಕಳೆದ ವಾರಕ್ಕಿಂತ ಆಳವಾಗಿದೆ, ವಾಸನೆ ಬರುತ್ತಿದೆ, ವೈದ್ಯರಿಗೆ ತೋರಿಸಬೇಕು. ಮೂರನೆಯ ಮನೆಯ ದಾರಿಯಲ್ಲಿ ಕಾಲುಸಂಕ ನೀರಿನಲ್ಲಿ ಮುಳುಗಿದೆ. ನಾಲ್ಕನೆಯ ಮನೆಯ ಅಜ್ಜ ಊಟ ಬಿಟ್ಟಿದ್ದಾರೆ. ಕಾರಣ ಕಾಯಿಲೆಯಲ್ಲ, ಮಗ ಈ ಬಾರಿ ರಜೆಗೆ ಬರುವುದಿಲ್ಲವೆಂದು ತಿಳಿದಿದೆ. ಅಲ್ಲಿ ಔಷಧಕ್ಕಿಂತ ಮೊದಲು ಕುವೈತಿಗೆ ಒಂದು ಕರೆ ಹೋಗಬೇಕು. ಇವುಗಳಲ್ಲಿ ಯಾವುದನ್ನೂ ಹಿಂದಿನ ಸಂಜೆ ನಕ್ಷೆ ಬರೆದು ಇಟ್ಟುಕೊಳ್ಳಲು ಬರುವುದಿಲ್ಲ.

ಆದ್ದರಿಂದ ತಂತ್ರಾಂಶ ನೋಡಲು ಹೋದಾಗ ನಾನು ಮೊದಲು ಕೇಳುವ ಪ್ರಶ್ನೆ ಅದರ ಬೆಲೆಯದ್ದಲ್ಲ, ಅದು ತೋರಿಸುವ ವರದಿಗಳದ್ದೂ ಅಲ್ಲ. ಯೋಜನೆಯನ್ನು ಬಿಟ್ಟು ನಡೆಯಬೇಕಾಗಿ ಬಂದಾಗ ಹಾಗೆ ನಡೆದದ್ದನ್ನು, ಯಾಕೆ ನಡೆದೆವು ಎಂಬುದನ್ನು ಇದರಲ್ಲಿ ನಿಜವಾಗಿ ಬರೆಯಲು ಜಾಗವಿದೆಯೇ? ಆ ಬರಹ ಮರುದಿನ ಬೇರೆ ನರ್ಸ್ ಹೋದಾಗ ಅವರ ಕಣ್ಣಿಗೆ ಬೀಳುತ್ತದೆಯೇ? ಉಳಿದ ಪ್ರಶ್ನೆಗಳೆಲ್ಲ ಇವುಗಳ ನಂತರ.

ವಾಟ್ಸ್‌ಆ್ಯಪ್ ಗುಂಪು

ಎಲ್ಲ ತಂಡಗಳೂ ಇಲ್ಲಿಂದಲೇ ಹೊರಡುತ್ತವೆ, ಅದು ಸರಿಯಾದದ್ದೇ. ಯಾರಿಗೂ ಕಲಿಸಬೇಕಾಗಿಲ್ಲ. ನಮ್ಮ ಕಡೆಯ ಮಟ್ಟಿಗೆ ಇದರ ದೊಡ್ಡ ಬಲ ಧ್ವನಿ ಸಂದೇಶ. ಕನ್ನಡ ಟೈಪ್ ಮಾಡಲು ಬಾರದ ಸೊಸೆ ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ ಅರ್ಧ ನಿಮಿಷ ಮಾತನಾಡಿ ಕಳಿಸುತ್ತಾರೆ. ಅವರ ದನಿಯಲ್ಲಿರುವ ಗಾಬರಿ ಸಹ ನರ್ಸ್‌ಗೆ ತಲುಪುತ್ತದೆ. ಗಾಯದ ಚಿತ್ರ ತಕ್ಷಣ ವೈದ್ಯರ ಕೈಗೆ ಸಿಗುತ್ತದೆ. ಒಂದು ಗುಂಪಿನಲ್ಲಿ 1024 ಜನ ಇರಬಹುದು, ಸಣ್ಣ ತಂಡಕ್ಕೆ ಅದು ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು.

ತೊಡಕು ಎಲ್ಲಿದೆ ಎಂಬುದನ್ನು ಒಂದು ಮಳೆಗಾಲದ ಸಂಜೆ ನಾನು ಕಣ್ಣಾರೆ ಕಂಡೆ. ಕೋಡಿಬೆಂಗ್ರೆಯ ಅಜ್ಜಿಯೊಬ್ಬರ ಕ್ಯಾಥೆಟರ್ ಕಟ್ಟಿಕೊಂಡಿತ್ತು. ಗುಂಪಿಗೆ ಸಂದೇಶ ಬಂತು. ಒಬ್ಬ ನರ್ಸ್ ‘ನೋಡುತ್ತೇನೆ’ ಎಂದು ಬರೆದರು. ಅದೇ ಹೊತ್ತಿಗೆ ಕೆಮ್ಮಣ್ಣಿನ ಇನ್ನೊಂದು ಮನೆಯ ಬಗ್ಗೆ ನಾಲ್ಕು ಸಂದೇಶಗಳು ನಡುವೆ ನುಗ್ಗಿದವು. ‘ನೋಡುತ್ತೇನೆ’ ಎಂಬ ಮಾತು ಕೆಮ್ಮಣ್ಣಿನ ಮನೆಗೆ ಎಂದು ಒಬ್ಬರು ತಿಳಿದರು, ಕೋಡಿಬೆಂಗ್ರೆಗೆ ಎಂದು ಇನ್ನೊಬ್ಬರು ತಿಳಿದರು. ಇಬ್ಬರು ಕೆಮ್ಮಣ್ಣಿಗೆ ಹೋದರು. ಕೋಡಿಬೆಂಗ್ರೆಗೆ ಯಾರೂ ಹೋಗಲಿಲ್ಲ. ರಾತ್ರಿ ಹತ್ತು ಗಂಟೆಗೆ ಮನೆಯವರು ಅಜ್ಜಿಯನ್ನು ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಆ ನರ್ಸ್‌ಗಳಲ್ಲಿ ಯಾರೂ ಅಸಡ್ಡೆ ಮಾಡಿದವರಲ್ಲ. ಗುಂಪು ಮಾತುಗಳನ್ನು ಹೊತ್ತಿಗೆ ತಕ್ಕಂತೆ ಒಂದರ ಕೆಳಗೆ ಒಂದು ಜೋಡಿಸುತ್ತದೆ, ರೋಗಿಗೆ ತಕ್ಕಂತೆ ಜೋಡಿಸುವುದಿಲ್ಲ. ತಪ್ಪಿನ ಬೇರು ಅಲ್ಲೇ ಇದೆ.

ಇನ್ನೊಂದು ಸಂಗತಿ ಇದೆ. ಕೆಲಸ ಬಿಟ್ಟು ಹೋದವರ ಮೊಬೈಲಿನಲ್ಲಿ ರೋಗಿಗಳ ಗಾಯದ ಚಿತ್ರಗಳು ಉಳಿದೇ ಇರುತ್ತವೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದಿದೆ. ಕಾಯ್ದೆಯ ಮಾತು ಹಾಗಿರಲಿ, ತನ್ನ ದೇಹದ ಚಿತ್ರ ಎಲ್ಲೆಲ್ಲಿ ಉಳಿದಿದೆ ಎಂದು ತಿಳಿಯದ ಆ ಅಜ್ಜಿಗೆ ನಾವು ಉತ್ತರ ಕೊಡಬೇಕಾದವರು.

ಹಾಗೆಂದು ಗುಂಪನ್ನು ಮುಚ್ಚಬೇಡಿ. ಕರೆಗಂಟೆಯಾಗಿ ಅದು ಉಳಿಯಲಿ, ದಾಖಲೆಪುಸ್ತಕವಾಗುವುದು ಬೇಡ.

ಹಂಚಿಕೊಂಡ ಶೀಟ್

ಗೂಗಲ್ ಶೀಟ್ಸ್‌ನಂಥ ಒಂದು ಹಾಳೆ, ರೋಗಿಗೊಂದು ಸಾಲು. ಹೆಸರು, ಊರು, ಕೊನೆಯ ಭೇಟಿ, ಮುಂದಿನ ಭೇಟಿ, ಯಾರ ಹೊಣೆ, ಷರಾ. ಮೂವತ್ತು ನಲವತ್ತು ರೋಗಿಗಳವರೆಗೆ ಇದು ಚೆನ್ನಾಗಿ ನಡೆಯುತ್ತದೆ. ಯಾರು ಯಾವಾಗ ಏನು ಬದಲಿಸಿದರು ಎಂಬ ಹಿಂದಿನ ಆವೃತ್ತಿಗಳು ಸಿಗುತ್ತವೆ. ‘ಯಾರ ಹೊಣೆ’ ಎಂಬ ಒಂದೇ ಕಾಲಂ ಇದ್ದಿದ್ದರೂ ಕೋಡಿಬೆಂಗ್ರೆಯ ಆ ಸಂಜೆ ಬೇರೆಯಾಗುತ್ತಿತ್ತು.

ಶೀಟ್ ಸಾಲದಾಯಿತು ಎಂದು ತಿಳಿಯುವುದು ಹೇಗೆ? ಷರಾ ಕಾಲಂ ನೋಡಿ. ಅದು ಉಬ್ಬುತ್ತಾ ಹೋಗಿ ಒಂದೇ ಕೋಶದಲ್ಲಿ ಹದಿನೈದು ಭೇಟಿಗಳ ಕಥೆ ತುಂಬಿಕೊಂಡಿದ್ದರೆ, ಆ ಕಥೆಗೆ ತನ್ನದೇ ಪುಟ ಬೇಕೆಂದು ಅರ್ಥ. ನಾನು ನೋಡಿದ ಮೂರೂ ತಂಡಗಳಲ್ಲಿ ನಿಜವಾದ ಆರೈಕೆಯೆಲ್ಲ ಷರಾದಲ್ಲೇ ನಡೆಯುತ್ತಿತ್ತು. ಉಳಿದ ಕಾಲಂಗಳು ಹಾಜರಿ ಪುಸ್ತಕದಂತೆ ಇದ್ದವು.

ಎಚ್ಚರಿಕೆಯ ಮಾತು ಎರಡು. ಯಾರೋ ಒಂದು ಕಾಲಂ ಮಾತ್ರ ಆಯ್ದು ವಿಂಗಡಿಸಿದರೆ ಹೆಸರುಗಳು ಮೇಲೆ ಕೆಳಗಾಗಿ, ಒಬ್ಬರ ಔಷಧ ಇನ್ನೊಬ್ಬರ ಸಾಲಿಗೆ ಬೀಳುತ್ತದೆ. ಆ ಹಾಳೆಗಳಿಗೆ ರಕ್ಷಣೆ ಹಾಕಿ. ನಮ್ಮೂರುಗಳಲ್ಲಿ ಒಂದೇ ಹೆಸರಿನ ಮೂವರು ಶೆಟ್ಟರು, ಇಬ್ಬರು ಡಿಸೋಜರು ಇರುವುದು ಸಾಮಾನ್ಯ. ಅದರಲ್ಲೂ ಬರೆಯುವವರು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಪ್ರತಿ ರೋಗಿಗೂ ಸಂಖ್ಯೆ ಕೊಡಿ. ಮುಂದೆ ಯಾವ ತಂತ್ರಾಂಶಕ್ಕೆ ಹೋದರೂ ಆ ಸಂಖ್ಯೆ ಜೊತೆಗೆ ಬರುತ್ತದೆ.

ಕಾರ್ಡ್‌ಗಳ ಬೋರ್ಡ್

ಇಪ್ಪತ್ತು ಜನರೊಳಗಿನ ತಂಡ ನನ್ನನ್ನು ಕೇಳಿದರೆ ನನ್ನ ಬೆರಳು ಇಲ್ಲಿಗೇ ತೋರಿಸುತ್ತದೆ.

ಜಪಾನಿನ ಟೊಯೊಟಾ ಕಾರ್ಖಾನೆಯಲ್ಲಿ ತೈಚಿ ಓನೊ ರೂಢಿಗೆ ತಂದ ಕಾನ್‌ಬಾನ್ ಚೀಟಿಗಳಿಂದ ಬಂದ ವಿಧಾನ ಇದು. 2011ರಲ್ಲಿ ಬಂದ ಟ್ರೆಲ್ಲೊ ಇದನ್ನು ಮನೆಮಾತು ಮಾಡಿತು. 2017ರಲ್ಲಿ ಅಟ್ಲಾಸಿಯನ್ ಅದನ್ನು ಕೊಂಡುಕೊಂಡಿತು. ಮೂಲಸಂಕೇತ ಎಲ್ಲರಿಗೂ ತೆರೆದಿರುವ ಮುಕ್ತ ತಂತ್ರಾಂಶ ಬೇಕೆನ್ನುವವರಿಗೆ ವೀಕಾನ್ ಇದೆ, ಸ್ವಂತ ಸರ್ವರ್‌ನಲ್ಲಿ ಕಡತ ಹಂಚಿಕೊಳ್ಳಲು ನೆಕ್ಸ್ಟ್‌ಕ್ಲೌಡ್ ಬಳಸುವವರಿಗೆ ಅದರೊಳಗೇ ಡೆಕ್ ಎಂಬುದಿದೆ. ತೆರೆಯ ಮೇಲೆ ಕಾಲಂಗಳಿರುತ್ತವೆ, ಅವುಗಳಲ್ಲಿ ರೋಗಿಗೊಂದು ಕಾರ್ಡ್. ಕಾರ್ಡ್ ತೆರೆದರೆ ಆ ರೋಗಿಯ ಬಗ್ಗೆ ಆಡಿದ ಮಾತು, ತೆಗೆದ ಚಿತ್ರ, ಮಾಡಬೇಕಾದ ಪಟ್ಟಿ, ಹೊಣೆ ಹೊತ್ತವರ ಹೆಸರು ಎಲ್ಲವೂ ಒಂದೇ ಕಡೆ.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಕಾಲಂಗಳಿಗೆ ‘ಮೊದಲ ಭೇಟಿ, ಪರೀಕ್ಷೆ, ಚಿಕಿತ್ಸೆ, ಮುಗಿಯಿತು’ ಎಂದು ಮೆಟ್ಟಿಲುಗಳ ಹೆಸರಿಡುತ್ತಾರೆ. ರೋಗಿ ಮೆಟ್ಟಿಲು ಹತ್ತಿಕೊಂಡು ಹೋಗುವುದಿಲ್ಲ. ಇಂದು ಸ್ಥಿರವಾಗಿದ್ದವರು ನಾಳೆ ಕೆಡುತ್ತಾರೆ, ಮುಂದಿನ ವಾರ ಎದ್ದು ಕುಳಿತುಕೊಳ್ಳುತ್ತಾರೆ. ಕಾಲಂಗಳಿಗೆ ಸ್ಥಿತಿಯ ಹೆಸರಿಡಿ: ‘ಇಂದೇ ಹೋಗಬೇಕು’, ‘ಈ ವಾರ’, ‘ಸ್ಥಿರ’, ‘ಆಸ್ಪತ್ರೆಯಲ್ಲಿದ್ದಾರೆ’, ‘ಮನೆಯವರ ಉತ್ತರ ಬರಬೇಕು’. ಕೊನೆಯದು ನಮ್ಮ ಜಿಲ್ಲೆಗಳಲ್ಲಿ ಬೇಕೇ ಬೇಕು. ನಿರ್ಧಾರ ಹೇಳಬೇಕಾದ ಮಗಳು ಕೊಲ್ಲಿ ರಾಷ್ಟ್ರದಲ್ಲಿ ಪಾಳಿ ಮುಗಿಸಿ ಕರೆ ಮಾಡುವವರೆಗೆ ಎಷ್ಟೋ ಕೆಲಸಗಳು ನಿಂತಿರುತ್ತವೆ. ಅವು ನಿಂತಿರುವುದು ಎಲ್ಲರಿಗೂ ಕಾಣಬೇಕು. ಕಾರ್ಡನ್ನು ಯಾರು ಬೇಕಾದರೂ ಯಾವ ಕಾಲಂನಿಂದ ಯಾವ ಕಾಲಂಗೆ ಬೇಕಾದರೂ ಎಳೆಯಬಹುದು. ಬೋರ್ಡ್ ‘ಹೀಗೆ ಹೋಗುವಂತಿಲ್ಲ’ ಎಂದು ತಡೆಯುವುದಿಲ್ಲ, ಆದರೆ ಯಾರು ಎಳೆದರು ಎಂದು ಬರೆದಿಟ್ಟುಕೊಳ್ಳುತ್ತದೆ. ಹೊಂದಿಕೊಂಡು ದುಡಿಯುವ ಜನರಿಗೆ ಬೇಕಾದ ಗುಣ ಇದೇ.

ಟ್ರೆಲ್ಲೊದ ಉಚಿತ ಯೋಜನೆಯಲ್ಲಿ ಒಂದು ಕಾರ್ಯಕ್ಷೇತ್ರಕ್ಕೆ ಹತ್ತು ಜನರ ಮಿತಿ ಇದೆ. ಸ್ವಯಂಸೇವಕರನ್ನೂ ಸೇರಿಸಿದರೆ ಅದು ಬೇಗ ತುಂಬುತ್ತದೆ. ವೀಕಾನ್‌ಗೆ ಆ ಮಿತಿ ಇಲ್ಲ, ಬದಲಿಗೆ ಸರ್ವರ್ ನೋಡಿಕೊಳ್ಳುವ ಒಬ್ಬರು ಬೇಕು. ಮತ್ತೊಂದು ಕೊರತೆ: ‘ಕಳೆದ ಆರು ತಿಂಗಳಲ್ಲಿ ಹಾಸಿಗೆ ಹುಣ್ಣು ವಾಸಿಯಾದವರೆಷ್ಟು’ ಎಂದು ಕೇಳಿದರೆ ಬೋರ್ಡ್ ಉತ್ತರ ಕೊಡುವುದಿಲ್ಲ, ಕುಳಿತು ಎಣಿಸಬೇಕು.

ಒಂದೊಂದು ಕೋರಿಕೆಗೂ ಒಂದು ಟಿಕೆಟ್ ತೆರೆದು, ಕೆಲಸ ಮುಗಿದಾಗ ಅದನ್ನು ಮುಚ್ಚುವ ರೆಡ್‌ಮೈನ್‌ನಂಥ ತಂತ್ರಾಂಶಗಳನ್ನೂ ಕೆಲವರು ಹೇಳುತ್ತಾರೆ. 2006ರಿಂದ ಇರುವ, ಗಟ್ಟಿಯಾದ ಮುಕ್ತ ತಂತ್ರಾಂಶ ಅದು. ವಾಟರ್‌ಬೆಡ್, ಆಮ್ಲಜನಕ ಕಾನ್ಸಂಟ್ರೇಟರ್, ಗಾಲಿಕುರ್ಚಿ ಎರವಲು ಕೊಟ್ಟು ಮರಳಿ ಪಡೆಯುವ ಲೆಕ್ಕಕ್ಕೆ ಚೆನ್ನಾಗಿದೆ. ಟಿಕೆಟ್ ಮುಚ್ಚುವುದಕ್ಕೆಂದೇ ಹುಟ್ಟಿದ್ದು, ರೋಗಿಯ ಆರೈಕೆ ಹಾಗಲ್ಲ.

ವರ್ಕ್‌ಫ್ಲೋ ಎಂಜಿನ್

ನಾವು ಎಂಟು ತಿಂಗಳ ಬಳಿಕ ಕಿತ್ತದ್ದು ಇದನ್ನೇ. ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ.

ಕೆಲಸದ ಹೆಜ್ಜೆಗಳನ್ನು ಪೆಟ್ಟಿಗೆ, ಬಾಣ, ವಜ್ರಾಕೃತಿಗಳಲ್ಲಿ ಬರೆಯುವ ಬಿಪಿಎಂಎನ್ ಎಂಬ ಸಂಕೇತಭಾಷೆ ಇದೆ. ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಎಂಬ ಮಾನಕ ಸಂಸ್ಥೆ ಅದರ 2.0 ಆವೃತ್ತಿಯನ್ನು 2011ರಲ್ಲಿ ಹೊರತಂದಿತು, 2013ರಲ್ಲಿ ಅದು ಐಎಸ್‌ಒ ಮಾನಕವೂ ಆಯಿತು. ಕಮುಂಡ, ಫ್ಲೋವಬಲ್ ಮುಂತಾದ ಎಂಜಿನ್‌ಗಳು ಆ ನಕ್ಷೆಯನ್ನು ಓದಿ ಹೆಜ್ಜೆ ಹೆಜ್ಜೆಯಾಗಿ ನಡೆಸುತ್ತವೆ. ಒಂದು ಹೆಜ್ಜೆ ಮುಗಿಯದೆ ಮುಂದಿನದು ತೆರೆಯುವುದಿಲ್ಲ. ಬ್ಯಾಂಕಿನ ಸಾಲದ ಅರ್ಜಿಗೆ ಇದು ಹೇಳಿ ಮಾಡಿಸಿದ್ದು.

ನಾವು ಬಹಳ ಶ್ರದ್ಧೆಯಿಂದ ನಕ್ಷೆ ಬರೆದೆವು. ಹೊಸ ರೋಗಿಯ ನೋಂದಣಿ, ಮೊದಲ ಭೇಟಿ, ವೈದ್ಯರ ಒಪ್ಪಿಗೆ, ಆರೈಕೆಯ ಯೋಜನೆ, ನಂತರ ಭೇಟಿಗಳು. ಮೂರನೆಯ ವಾರ ಹೆಬ್ರಿಯ ಕಡೆಯ ಮನೆಯೊಂದರಲ್ಲಿ ನರ್ಸ್ ಗಾಯದಲ್ಲಿ ಹುಳು ಕಂಡರು. ತೆರೆಯ ಮೇಲೆ ‘ವೈದ್ಯರ ಒಪ್ಪಿಗೆಗೆ ಕಾಯಲಾಗುತ್ತಿದೆ’ ಎಂದಿತ್ತು. ವೈದ್ಯರು ಬೇರೊಂದು ಶಸ್ತ್ರಚಿಕಿತ್ಸೆಯಲ್ಲಿದ್ದರು. ನರ್ಸ್ ಮಾಡಬೇಕಾದದ್ದನ್ನು ಮಾಡಿದರು, ಗಾಯ ಶುದ್ಧ ಮಾಡಿ ಬಂದರು. ಆದರೆ ಅದನ್ನು ಬರೆಯಲು ತಂತ್ರಾಂಶ ಜಾಗ ಕೊಡಲಿಲ್ಲ. ಸಂಜೆ ಒಪ್ಪಿಗೆ ಬಂದ ಮೇಲೆ, ಒಪ್ಪಿಗೆಯ ನಂತರ ಭೇಟಿ ಕೊಟ್ಟಂತೆ ಹೊತ್ತು ಬದಲಿಸಿ ಬರೆದರು. ಕ್ರಮೇಣ ಇದು ಎಲ್ಲರ ರೂಢಿಯಾಯಿತು. ಹಗಲೆಲ್ಲ ಮನಸ್ಸಾಕ್ಷಿಗೆ ತಕ್ಕಂತೆ ಕೆಲಸ, ಸಂಜೆ ಎಂಜಿನ್‌ಗೆ ತಕ್ಕಂತೆ ಬರಹ. ಎಂಟು ತಿಂಗಳ ಕೊನೆಗೆ ನಮ್ಮ ಬಳಿ ಬಹಳ ಅಚ್ಚುಕಟ್ಟಾದ ದಾಖಲೆ ಇತ್ತು, ಅದರಲ್ಲಿದ್ದ ಕ್ರಮದಲ್ಲಿ ಏನೂ ನಡೆದಿರಲಿಲ್ಲ. ಪ್ರಾಮಾಣಿಕ ಮನುಷ್ಯರನ್ನು ಸುಳ್ಳು ಬರೆಯುವಂತೆ ಮಾಡಿದ ಆ ವ್ಯವಸ್ಥೆಯನ್ನು ಕಟ್ಟಿಕೊಟ್ಟವನು ನಾನು. ಅದಕ್ಕೇ ಈ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಕಟುವಾಗಿದ್ದರೆ ಓದುಗರು ಅರ್ಥ ಮಾಡಿಕೊಳ್ಳಬೇಕು.

ಬಿಪಿಎಂಎನ್‌ನಲ್ಲಿ ಹೆಜ್ಜೆಗಳನ್ನು ಯಾವ ಕ್ರಮದಲ್ಲಾದರೂ ಮಾಡಬಹುದಾದ ‘ಅಡ್‌ಹಾಕ್’ ಉಪಪ್ರಕ್ರಿಯೆ ಎಂಬ ಪೆಟ್ಟಿಗೆಯೂ ಇದೆ. ನಾವು ಅದನ್ನು ಬಳಸಿದ್ದರೆ ತೊಂದರೆ ಕಡಿಮೆಯಾಗುತ್ತಿತ್ತು. ಆದರೂ ಎಂಜಿನ್‌ನ ಒಟ್ಟು ಸ್ವಭಾವ ಕ್ರಮ ಕಾಯುವುದು.

ಕ್ರಮ ಕಾಯಲೇಬೇಕಾದ ಕೆಲಸವೂ ಇದೆ ಎಂಬುದನ್ನು ಮರೆಯಬಾರದು. ತೀವ್ರ ನೋವಿಗೆ ಕೊಡುವ ಮಾರ್ಫಿನ್ ಮಾತ್ರೆಯ ಲೆಕ್ಕ ಅಂಥದ್ದು. 1985ರ ಮಾದಕ ದ್ರವ್ಯ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಆದ ಮೇಲೆ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಅದನ್ನು ದಾಸ್ತಾನು ಇಟ್ಟು ರೋಗಿಗಳಿಗೆ ಕೊಡುವುದು ಸುಲಭವಾಯಿತು, ಆದರೆ ಬಂದದ್ದು, ಕೊಟ್ಟದ್ದು, ಉಳಿದದ್ದರ ದಾಖಲೆ ಕಡ್ಡಾಯ. ಅಲ್ಲಿ ‘ನೋಡಿಕೊಂಡು ಮಾಡೋಣ’ ಎಂಬ ಮಾತಿಲ್ಲ. ಅದಕ್ಕೆ, ಬಿಲ್ಲಿಗೆ, ದೇಣಿಗೆಯ ರಸೀದಿಗೆ ಬಿಗಿಯಾದ ವ್ಯವಸ್ಥೆ ಇರಲಿ.

ಪ್ರಕರಣ ನಿರ್ವಹಣೆಯ ತಂತ್ರಾಂಶ

ಈ ಕೊರತೆಯನ್ನು ಕಂಡೇ ಅದೇ ಮಾನಕ ಸಂಸ್ಥೆ 2014ರಲ್ಲಿ ಸಿಎಂಎಂಎನ್ ಎಂಬ ಇನ್ನೊಂದು ಸಂಕೇತಭಾಷೆಯನ್ನು ತಂದಿತು, 2016ರಲ್ಲಿ ಅದರ 1.1 ಆವೃತ್ತಿ ಬಂತು. ಇಲ್ಲಿ ನಡುವೆ ಇರುವುದು ಹೆಜ್ಜೆಗಳ ಸಾಲಲ್ಲ, ಪ್ರಕರಣ. ನಮ್ಮ ಮಟ್ಟಿಗೆ ಒಬ್ಬ ರೋಗಿ. ಆ ಪ್ರಕರಣದ ಕಡತ ಒಂದು ಕಡೆ ಇರುತ್ತದೆ. ಸುತ್ತ ಮಾಡಬಹುದಾದ ಕೆಲಸಗಳಿರುತ್ತವೆ. ಕೆಲವು ಕಡ್ಡಾಯ. ಕೆಲವನ್ನು ಚುಕ್ಕೆಗೆರೆಯ ಪೆಟ್ಟಿಗೆಯಲ್ಲಿ ಬರೆಯುತ್ತಾರೆ. ಅವು ಸ್ಥಳದಲ್ಲಿರುವವರ ವಿವೇಚನೆಗೆ ಬಿಟ್ಟವು, ಬೇಕೆನಿಸಿದಾಗ ಎತ್ತಿಕೊಳ್ಳಬಹುದು. ‘ಇಂಥದ್ದು ಆದರೆ ಇದು ತೆರೆಯಲಿ’ ಎಂಬ ಕಾವಲು ಷರತ್ತುಗಳನ್ನು ಇಡಬಹುದು. ನಡುವೆ ಮೈಲಿಗಲ್ಲುಗಳಿರುತ್ತವೆ.

ಉಡುಪಿಯವರಿಗೆ ಇದು ಹೊಸ ಬುದ್ಧಿಯೇನಲ್ಲ. ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯಕ್ಕೆ ಮೊದಲು ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಎಂದು ನಾಲ್ಕು ಮುಹೂರ್ತಗಳು ನಡೆಯುತ್ತವೆ. ಅವುಗಳ ಕ್ರಮ ಬದಲಾಗುವುದಿಲ್ಲ, ಯಾವುದು ಮುಗಿಯಿತು ಯಾವುದು ಬಾಕಿ ಎಂಬುದು ಊರಿಗೆಲ್ಲ ಗೊತ್ತು. ಆದರೆ ಒಂದು ಮುಹೂರ್ತದಿಂದ ಇನ್ನೊಂದರ ನಡುವೆ ಯಾವ ಊರಿನವರು ಎಷ್ಟು ಹೊರೆಕಾಣಿಕೆ ತರುತ್ತಾರೆ, ಯಾರು ಯಾರಿಗೆ ಹೇಳಿ ಏನು ಒದಗಿಸುತ್ತಾರೆ ಎಂಬುದಕ್ಕೆ ಯಾರೂ ನಕ್ಷೆ ಬರೆಯುವುದಿಲ್ಲ. ಬರೆದರೆ ಕೆಲಸ ಕೆಡುತ್ತದೆ. ಸಿಎಂಎಂಎನ್ ಹೇಳುವುದೂ ಇದನ್ನೇ: ಮುಹೂರ್ತಗಳನ್ನು ಗಟ್ಟಿಯಾಗಿ ಹಿಡಿ, ನಡುವಿನದನ್ನು ಜನರಿಗೆ ಬಿಡು.

ಇಷ್ಟು ಒಳ್ಳೆಯ ವಿಚಾರವಾದರೂ ತಂತ್ರಾಂಶಗಳ ಲೋಕದಲ್ಲಿ ಅದಕ್ಕೆ ಹೆಚ್ಚು ಬಳಕೆದಾರರು ಸಿಗಲಿಲ್ಲ. ಕಮುಂಡದ 7ನೆಯ ಆವೃತ್ತಿಯಲ್ಲಿದ್ದ ಸಿಎಂಎಂಎನ್ 8ರಲ್ಲಿ ಇಲ್ಲ. ಫ್ಲೋವಬಲ್ ಇನ್ನೂ ಹಿಡಿದುಕೊಂಡಿದೆ. ಅದರ ಎಂಜಿನ್ ಮುಕ್ತವಾಗಿ ಸಿಗುತ್ತದೆ. ನರ್ಸ್ ಮುಟ್ಟಿ ಬಳಸುವಂಥ ಸಿದ್ಧ ತೆರೆಗಳು ಬೇಕಾದರೆ ಹಣ ಕೊಟ್ಟು ಕೊಳ್ಳಬೇಕು, ಇಲ್ಲವೇ ಜಾವಾ ಬಲ್ಲವರನ್ನು ಹಿಡಿದು ಕಟ್ಟಿಸಬೇಕು. ನೂರಾರು ರೋಗಿಗಳಿದ್ದು, ಸ್ವಂತ ತಂತ್ರಜ್ಞರಿರುವ ಆಸ್ಪತ್ರೆಗೆ ಇದು ತಕ್ಕದ್ದು. ಎಂಟು ಜನರ ತಂಡಕ್ಕೆ ಭಾರ. ಆದರೆ ಈ ವಿಚಾರವನ್ನು ಮಾತ್ರ ಎರವಲು ಪಡೆಯಿರಿ, ಅದಕ್ಕೆ ಖರ್ಚಿಲ್ಲ: ಬೋರ್ಡಿನ ಪ್ರತಿ ಕಾರ್ಡಿನಲ್ಲಿ ಎರಡು ಪಟ್ಟಿಗಳನ್ನು ಇಡಿ, ಒಂದಕ್ಕೆ ‘ಬಿಡುವಂತಿಲ್ಲ’ ಎಂದು, ಇನ್ನೊಂದಕ್ಕೆ ‘ಬೇಕಾದರೆ’ ಎಂದು ಹೆಸರು. ಮೊದಲನೆಯದರಲ್ಲಿ ಅಲರ್ಜಿ ಕೇಳಿದ್ದು, ಮನೆಯವರ ಒಪ್ಪಿಗೆ, ತುರ್ತಿನ ದೂರವಾಣಿ. ಎರಡನೆಯದರಲ್ಲಿ ಉಳಿದದ್ದೆಲ್ಲ.

ನಡುದಾರಿಯೂ ಒಂದಿದೆ. ಮುಂಬೈಯ ಕಂಪನಿಯೊಂದು ರೂಪಿಸಿರುವ ಫ್ರಾಪೆ ಎಂಬ, ತಂತ್ರಾಂಶ ಕಟ್ಟಲು ಬಳಸುವ ಮುಕ್ತ ಚೌಕಟ್ಟು; ಸಂಸ್ಥೆಗಳ ಲೆಕ್ಕ, ದಾಸ್ತಾನು ನೋಡಿಕೊಳ್ಳುವ ಇಆರ್‌ಪಿನೆಕ್ಸ್ಟ್ ನಿಂತಿರುವುದು ಅದರ ಮೇಲೆಯೇ. ಅದರಲ್ಲಿ ರೋಗಿಯ ದಾಖಲೆಯನ್ನು ನಮಗೆ ಬೇಕಾದಂತೆ ಕಟ್ಟಿ, ಮಾರ್ಫಿನ್‌ನಂಥ ಕಡೆ ಮಾತ್ರ ಬಿಗಿ ನಿಯಮ ಹಾಕಿ ಉಳಿದದ್ದನ್ನು ಸಡಿಲ ಬಿಡಬಹುದು. ಎಣಿಕೆಯ ಪ್ರಶ್ನೆಗಳಿಗೂ ಉತ್ತರ ಸಿಗುತ್ತದೆ. ಎರಡನೆಯ ತಂಡಕ್ಕೆ ನಾನು ಕೊಟ್ಟದ್ದು ಇದನ್ನೇ, ಇಂದಿಗೂ ನಡೆಯುತ್ತಿದೆ. ಆದರೆ ವರ್ಷಗಟ್ಟಲೆ ನೋಡಿಕೊಳ್ಳುವವರು ಬೇಕು. ಇಂಜಿನಿಯರಿಂಗ್ ಕಾಲೇಜುಗಳು ಹೆಚ್ಚಿರುವ ನಮ್ಮ ಕಡೆ ಕೊನೆಯ ವರ್ಷದ ವಿದ್ಯಾರ್ಥಿಗಳು ಪ್ರಾಜೆಕ್ಟ್ ಎಂದು ಪ್ರೀತಿಯಿಂದ ಕಟ್ಟಿಕೊಡುತ್ತಾರೆ. ಅವರ ಪ್ರೀತಿ ದೊಡ್ಡದು, ಆದರೆ ಜೂನ್ ಬಂದರೆ ಅವರು ಬೆಂಗಳೂರಿನಲ್ಲಿರುತ್ತಾರೆ. ಯಾರ ಕೈಗೆ ಬೀಗದ ಕೈ ಕೊಟ್ಟು ಹೋಗುತ್ತಾರೆ ಎಂದು ಮೊದಲ ದಿನವೇ ಕೇಳಿ.

ನೆಟ್‌ವರ್ಕ್ ಇಲ್ಲದಿದ್ದಾಗ

ಹೆಬ್ರಿ ದಾಟಿ ಆಗುಂಬೆ ಘಾಟಿಯ ಬುಡದ ಕಡೆಗೆ ಹೋದರೆ ಸಿಗ್ನಲ್ ಬಂದು ಹೋಗುತ್ತಿರುತ್ತದೆ. ಟ್ರೆಲ್ಲೊದ ಮೊಬೈಲ್ ಆ್ಯಪ್ ಸಿಗ್ನಲ್ ಇಲ್ಲದಾಗಲೂ ಬರೆಸಿಕೊಂಡು ಆಮೇಲೆ ಸೇರಿಸುತ್ತದೆ. ಶೀಟ್ಸ್‌ನಲ್ಲಿ ಆಫ್‌ಲೈನ್ ಬಳಕೆಯನ್ನು ಮೊದಲೇ ಚಾಲೂ ಮಾಡಿಟ್ಟಿರಬೇಕು. ಸ್ವಂತವಾಗಿ ಕಟ್ಟಿಸಿದ ವೆಬ್ ತಂತ್ರಾಂಶಗಳು ಸಾಮಾನ್ಯವಾಗಿ ಇಲ್ಲಿಯೇ ಸೋಲುತ್ತವೆ. ಯಾವುದನ್ನೇ ಕೊಳ್ಳುವ ಮೊದಲು ಮಾರುವವರ ಎದುರಿನಲ್ಲೇ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಒಂದು ಭೇಟಿ ಬರೆದು ನೋಡಿ.

ರೋಗಿಯ ತಲೆದಿಂಬಿನ ಬಳಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇರುವುದನ್ನು ಯಾವ ತಂತ್ರಾಂಶ ಬಂದರೂ ನಾನು ತೆಗೆಸುವುದಿಲ್ಲ. ರಾತ್ರಿ ಬರುವ ಪಕ್ಕದ ಊರಿನ ವೈದ್ಯರು, ಆಶಾ ಕಾರ್ಯಕರ್ತೆ, ರಜೆಗೆ ಬಂದ ಮಗ ಓದುವುದು ಅದನ್ನು. ನರ್ಸ್ ಅದರಲ್ಲಿ ಬರೆದು, ಪುಟದ ಚಿತ್ರ ತೆಗೆದು ಕಾರ್ಡಿಗೆ ಹಾಕಿದರೆ ಸಾಕು.

ಆರಿಸುವ ಹೊತ್ತಿಗೆ

ಹದಿನೈದು ರೋಗಿಗಳು, ಮೂವರು ನರ್ಸ್‌ಗಳು ಇದ್ದರೆ ವಾಟ್ಸ್‌ಆ್ಯಪ್ ಜೊತೆಗೆ ಒಂದು ಶೀಟ್ ಸಾಕು, ಹೆಚ್ಚಿನದಕ್ಕೆ ಹಣ ಹಾಕಬೇಡಿ. ಆ ಹಣಕ್ಕೆ ಇನ್ನೊಂದು ವಾಟರ್‌ಬೆಡ್ ಬರುತ್ತದೆ. ಷರಾ ಉಬ್ಬಿದ ದಿನ ಬೋರ್ಡಿಗೆ ಹೋಗಿ. ನೂರು ದಾಟಿ, ದಾನಿಗಳಿಗೂ ಆಸ್ಪತ್ರೆಗೂ ವರದಿ ಕೊಡಬೇಕಾಗಿ ಬಂದರೆ, ನೋಡಿಕೊಳ್ಳಲು ಜನ ಸಿಕ್ಕಿದರೆ ಮಾತ್ರ ಫ್ರಾಪೆ. ವರ್ಕ್‌ಫ್ಲೋ ಎಂಜಿನ್ ಮಾರಲು ಬಂದವರಿಗೆ ಹೆಬ್ರಿಯ ಗಾಯದ ಪ್ರಸಂಗವನ್ನು ಹೇಳಿ, ‘ಒಪ್ಪಿಗೆಗೆ ಮೊದಲೇ ಮಾಡಿದ್ದನ್ನು ಇದರಲ್ಲಿ ಹೇಗೆ ಬರೆಯುವುದು, ಮಾಡಿ ತೋರಿಸಿ’ ಎಂದು ಕೇಳಿ. ಮಾಡಿ ತೋರಿಸಿದರೆ ಮಾತು ಮುಂದುವರಿಸಬಹುದು.

ಬದಲಾವಣೆಯನ್ನು ಜೂನ್, ಜುಲೈ, ಆಗಸ್ಟ್‌ನಲ್ಲಿ ಮಾಡಬೇಡಿ. ಆ ಮೂರು ತಿಂಗಳು ನರ್ಸ್‌ಗಳಿಗೆ ದಾರಿ ಹುಡುಕುವುದೇ ಕೆಲಸ. ದೀಪಾವಳಿ ಕಳೆದ ಮೇಲೆ, ಒಂದು ಭಾಗದ ರೋಗಿಗಳನ್ನು ಮಾತ್ರ, ಉದಾಹರಣೆಗೆ ಕಾಪು ಕಟಪಾಡಿಯ ಕಡೆಯವರನ್ನು, ಹೊಸ ಬೋರ್ಡಿಗೆ ತನ್ನಿ. ಹಳೆಯ ಇತಿಹಾಸವನ್ನೆಲ್ಲ ಕುಳಿತು ತುಂಬಿಸಬೇಡಿ. ಮುಂದಿನ ಭೇಟಿ ಬಂದಂತೆ ಆ ರೋಗಿಯ ಕಾರ್ಡ್ ತೆರೆಯಿರಿ. ಮೊದಲ ಕಾರ್ಡನ್ನು ಕಂಪ್ಯೂಟರ್ ಬಲ್ಲವರು ಬರೆಯುವುದು ಬೇಡ. ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಮನೆ ಸುತ್ತಿದ ನರ್ಸ್ ಬರೆಯಲಿ, ಕಾಲಂಗಳಿಗೆ ಹೆಸರನ್ನೂ ಅವರೇ ಇಡಲಿ.